ಸೈಲೆನ್ಸರಿನ ಬಿಸಿ ಅಳೆಯುವ ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ?

ಕೇಳುಗರಿಗೆ ನಮಸ್ಕಾರ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆ ಕೊಳವೆ ಬರೀ ಕೊಳವೆಯಾಗಿ ಉಳಿದಿಲ್ಲ. ಮಸಿ ಹಿಡಿದಿಡುವ ಡಿಪಿಎಫ್ ಎಂಬ ಸೋಸುಕ, ಅದಕ್ಕೆ ಮೊದಲು ಹೊಗೆಯ ವಿಷಾನಿಲ ತಗ್ಗಿಸುವ ಒಂದು ಕ್ಯಾಟಲಿಸ್ಟ್, ದೊಡ್ಡ ಲಾರಿಯಾದರೆ ಯೂರಿಯಾ ದ್ರಾವಣ ಸಿಂಪಡಿಸುವ ಏರ್ಪಾಡು. ಇವುಗಳ ನಡುವೆ ಅಲ್ಲಲ್ಲಿ ಉಷ್ಣತೆಯ ಸೆನ್ಸರ್‌ಗಳು ಮೂಗು ತೂರಿಸಿಕೊಂಡಿರುತ್ತವೆ. ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಎಷ್ಟು ಏರಿದೆ ಎಂದು ತಿಳಿಯದೆ ಅಷ್ಟು ಬಿಸಿ ಮಾಡಲು ಇಂಜಿನ್ನಿನ ಕಂಪ್ಯೂಟರ್ ಒಪ್ಪುವುದಿಲ್ಲ. ಸೆನ್ಸರಿನ ಲೆಕ್ಕ ಅನುಮಾನಕ್ಕೆ ಬಂದರೆ ಮಸಿ ಸುಡುವುದನ್ನೇ ನಿಲ್ಲಿಸಿ, ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಎಷ್ಟೋ ಸಲ ಪಿಕಪ್ಪನ್ನೂ ಕಡಿತಗೊಳಿಸುತ್ತದೆ.

ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿದಾಗ ಪಿ 0546 ಎಂಬ ದೋಷದ ಕೋಡ್ ಬಂತು ಎನ್ನಿ. 'ಸೆನ್ಸರ್ ಹೋಗಿದೆ, ಹೊಸದು ತನ್ನಿ' ಎಂಬ ಮಾತು ಅಲ್ಲೇ ಹುಟ್ಟುತ್ತದೆ. ನನ್ನ ತಕರಾರು ಇರುವುದು ಈ ಆತುರದ ಬಗ್ಗೆಯೇ. ಆ ಕೋಡ್ ಹೇಳುವುದು ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ. ಹೊಗೆಯ ಬಿಸಿ ಹೆಚ್ಚಿದೆ ಎಂದಲ್ಲ. ಸರ್ಕ್ಯೂಟ್ ಎಂದಮೇಲೆ ಸೆನ್ಸರ್ ಜೊತೆಗೆ ವೈರೂ ಬಂತು, ವೈರನ್ನು ಸೆನ್ಸರಿಗೆ ಸೇರಿಸುವ ಕಪ್ಲರೂ ಬಂತು. ಎಲ್ಲಿ ಕಡಿದಿದ್ದರೂ ಇದೇ ಕೋಡ್ ಬರಬಹುದು.

ಕಾಸಿಲ್ಲದ ಪರೀಕ್ಷೆ ಒಂದಿದೆ. ರಾತ್ರಿಯಿಡೀ ನಿಂತ ಗಾಡಿಯ ಕೀಲಿಯನ್ನು ಬೆಳಿಗ್ಗೆ ಆನ್ ಮಾಡಿ, ಇಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ. ಕೂಲಂಟ್, ಒಳಗೆ ಹೋಗುವ ಗಾಳಿ, ಹೊಗೆ ಕೊಳವೆ, ಎಲ್ಲದರ ಉಷ್ಣತೆಯೂ ಸ್ಕ್ಯಾನರಿನಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ 24 ಡಿಗ್ರಿ ಇರುವಾಗ ಒಂದು ಸೆನ್ಸರ್ ಮಾತ್ರ 900 ಎಂದೋ ಮೈನಸ್ 40 ಎಂದೋ ತೋರಿಸಿದರೆ ಆ ದಾರಿಯಲ್ಲೇ ದೋಷವಿದೆ.

ದೋಷ ಯಾವ ತುದಿಯಲ್ಲಿದೆ? ಸಾಮಾನ್ಯ ಎರಡು ವೈರಿನ ಸೆನ್ಸರ್ ಆದರೆ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಪಿನ್‌ಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಹೆಚ್ಚಿನ ಗಾಡಿಗಳಲ್ಲಿ 5 ವೋಲ್ಟಿನ ಆಸುಪಾಸು ಸಿಗುತ್ತದೆ. ಬಳಿಕ ಆ ಎರಡು ಪಿನ್‌ಗಳನ್ನು ಸಣ್ಣ ವೈರಿನ ತುಂಡಿನಿಂದ ಜೋಡಿಸಿ ಸ್ಕ್ಯಾನರ್ ನೋಡಿ. ಅಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿದರೆ ವೈರೂ ಕಂಪ್ಯೂಟರೂ ಸರಿಯಿವೆ, ಕೆಟ್ಟಿರುವುದು ಸೆನ್ಸರ್. ಅಂಕಿ ಕದಲದಿದ್ದರೆ ಹೊಸ ಸೆನ್ಸರಿಗೆ ದುಡ್ಡು ಸುರಿಯಬೇಡಿ, ವೈರಿನ ಜಾಡು ಹಿಡಿಯಿರಿ. ಸೆನ್ಸರಿನ ವಿದ್ಯುತ್ ರೋಧವನ್ನೂ (ರೆಸಿಸ್ಟೆನ್ಸ್) ಅಳೆಯಬಹುದು. ಸೊನ್ನೆ ಡಿಗ್ರಿಯಲ್ಲಿ 200 ಓಮ್ ಇರುವ ಪ್ಲಾಟಿನಂ ಸೆನ್ಸರ್ 25 ಡಿಗ್ರಿಯಲ್ಲಿ 220ರ ಹತ್ತಿರ ತೋರಿಸುತ್ತದೆ. ಆದರೆ ಬಿಸಿಯಾದಂತೆ ರೋಧ ಇಳಿಯುವ ಜಾತಿಯೂ ಇದೆ; ಅದು ತಣ್ಣಗಿರುವಾಗ ಭಾರೀ ರೋಧ ತೋರಿಸುವುದು ಸಹಜ. ಹಾಗಾಗಿ ಕೈಪಿಡಿ ನೋಡದೆ ತೀರ್ಪು ಕೊಡಬೇಡಿ.

ವೈರನ್ನು ಕಣ್ಣಿಗಿಂತ ಬೆರಳಿನಿಂದ ಪರೀಕ್ಷಿಸುವುದು ಮೇಲು. ಸೈಲೆನ್ಸರಿನ ಪಕ್ಕ ಹಾದುಹೋದ ವೈರಿನ ಮೇಲುಹೊದಿಕೆ ಚೆನ್ನಾಗಿಯೇ ಕಾಣಬಹುದು. ಮೆಲ್ಲಗೆ ಬಗ್ಗಿಸಿದರೆ ಚಟ್ಟೆಂದು ಬಿರಿದು, ಒಳಗಿನ ತಾಮ್ರ ಹಸಿರುಗಟ್ಟಿರುವುದು ಗೊತ್ತಾಗುತ್ತದೆ. ಕಪ್ಲರಿನೊಳಗೆ ವಾಟರ್ ಸರ್ವಿಸ್ ಮಾಡಿಸಿದ ನೀರು ನಿಂತಿರಬಹುದು. ಇಲಿಗಳ ಕರಾಮತ್ತನ್ನು ನಮ್ಮ ಚಾಲಕರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಕೆಲವೊಮ್ಮೆ ಸೆನ್ಸರ್ ಹೇಳುವುದೇ ಸತ್ಯವಾಗಿರುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿ ಹೆಚ್ಚು ಡೀಸೆಲ್ ಉರಿಯುತ್ತಿದ್ದರೆ ಹೊಗೆ ನಿಜವಾಗಿಯೂ ಕಾಯುತ್ತದೆ. ಆಗ ಸೆನ್ಸರ್ ಬದಲಿಸುವುದು, ಜ್ವರ ಇಳಿಯಲೆಂದು ಥರ್ಮಾಮೀಟರ್ ಬದಲಿಸಿದ ಹಾಗೆ.

ಸೆನ್ಸರ್ ಬದಲಿಸಲೇಬೇಕಾದರೆ ಇಂಜಿನ್ ತಣ್ಣಗಾದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಕಾಯಿರಿ. ಬಲ ಪ್ರಯೋಗಿಸಿದರೆ ಮರೆ (ಥ್ರೆಡ್) ಕಿತ್ತುಬಂದು ಕೊಳವೆಯೇ ಹಾಳಾಗುತ್ತದೆ. ಹೊಸದನ್ನು ಕೂರಿಸಿ ಕೋಡ್ ಅಳಿಸಿದ ಮೇಲೆ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿ. ಮಸಿ ಸುಡುವ ಪ್ರಯತ್ನಗಳು ಅರ್ಧಕ್ಕೇ ನಿಂತಿದ್ದರೆ ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಇಳಿದಿರಬಹುದು. ಮಟ್ಟ ಗೆರೆ ದಾಟಿದ್ದರೆ ಆಯಿಲ್ ಬದಲಿಸಿದ ನಂತರವೇ ಗಾಡಿಯನ್ನು ರಸ್ತೆಗೆ ಇಳಿಸಿ.

ನಮಸ್ಕಾರ.