ಗ್ಯಾರೇಜಿನಲ್ಲಿ 1976ರ ಟೆನಿಸ್

ನಮಸ್ಕಾರ! ಅಮೆರಿಕದ ಸನ್ನಿವೇಲ್‌ನ ನಮ್ಮ ಗ್ಯಾರೇಜಿಗೆ ಸ್ವಾಗತ. ಕಾರು ರಸ್ತೆಗೆ ಹೋಗಿದೆ, ಅದರ ಜಾಗದಲ್ಲಿ ಇದು ನಿಂತಿದೆ. ಗಾಟ್ಲೀಬ್ ಕಂಪನಿಯ 'ವಾಲಿ', ಟೆನಿಸ್ ಚಿತ್ರಗಳಿರುವ 1976ರ ಪಿನ್‌ಬಾಲ್, ಅಂದ್ರೆ ಇಳಿಜಾರು ಮೇಜಿನ ಮೇಲೆ ಚೆಂಡು ಹೊಡೆದು ಅಂಕ ಗಳಿಸುವ ಮಷೀನು. ನನಗೆ ಬೇಕಿದ್ದದ್ದು ಬೇಸ್‌ಬಾಲಿನ 'ಗ್ರ್ಯಾಂಡ್ ಸ್ಲಾಮ್' ಅನ್ನುವ ಪಿನ್‌ಬಾಲ್. ಟೆನಿಸ್ ಅಂದ್ರೆ ಅಷ್ಟಕ್ಕಷ್ಟೇ. ಸಿಕ್ಕಿದ್ದು ಇದು.

ಮಾರಿದವರು "ಚೆನ್ನಾಗಿ ಓಡುತ್ತೆ" ಎಂದಿದ್ದರು. ಓಡುತ್ತೆ, ನಿಜ. ನಿಲ್ಲುವುದೇ ಇಲ್ಲ! ಈ ಸದ್ದು ಕೇಳಿ.

ಒಳಗೆ ಚಿಪ್ ಇಲ್ಲ, ಪ್ರೋಗ್ರಾಮ್ ಇಲ್ಲ. ಬರೀ ರಿಲೇ (ಕರೆಂಟು ಹರಿದಾಗ ತಾನೇ ಆಡುವ ಸ್ವಿಚ್ಚು), ಕಾಯಿಲ್, ಸ್ವಿಚ್ಚು, ರಾಶಿ ವೈರು. ಆಟ ಶುರು ಮಾಡಿದಾಗ ಕೆಳಗಿನ ಮೋಟಾರು ತಿರುಗಿ, ಮೇಲಿನ ಸ್ಕೋರ್ ರೀಲುಗಳನ್ನು, ಅಂದ್ರೆ ಅಂಕ ತೋರಿಸುವ ಗಾಲಿಗಳನ್ನು, ಒಂದೊಂದೇ ಅಂಕಿ ತಳ್ಳಿ ಸೊನ್ನೆಗೆ ತರುತ್ತದೆ. ಎಲ್ಲವೂ ಸೊನ್ನೆಗೆ ಬರುವ ತನಕ ಮೋಟಾರಿಗೆ ಬಿಡುವಿಲ್ಲ. ನೂರರ ರೀಲು ನೋಡಿ, ನಾಲ್ಕರಲ್ಲೇ ಕೂತಿದೆ. ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಎಣ್ಣೆ ಬಿಟ್ಟಿದ್ದಾರೆ. ಅದು ಒಣಗಿ ಹಲಸಿನ ಮೇಣದ ಹಾಗೆ ಹಿಡಿದುಕೊಂಡಿದೆ. ಅಮ್ಮನಿಗೆ ಫೋನಿನಲ್ಲಿ ತೋರಿಸಿದರೆ, "ಕೊಬ್ಬರಿ ಎಣ್ಣೆ ಹಚ್ಚೋ" ಅಂದರು. ಅಮ್ಮಾ, ಎಣ್ಣೆಯಿಂದಲೇ ಈ ಗತಿ! ದಯವಿಟ್ಟು ಯಾರೂ ಇಂಥ ಮಷೀನಿಗೆ ಎಣ್ಣೆ ಬಿಡಬೇಡಿ. ಬಾಗಿಲ ಕೀಲಿಗೆ ಬಿಡಿ, ತಲೆಗೆ ಹಚ್ಚಿಕೊಳ್ಳಿ, ಇದಕ್ಕೆ ಬೇಡ. ಆಲ್ಕೋಹಾಲ್ ಹಾಕಿ ಉಜ್ಜುತ್ತಾ ಇದ್ದೇನೆ. ಹತ್ತಿ ಕಪ್ಪಾಗುತ್ತಲೇ ಇದೆ.

ಉಜ್ಜುವ ತನಕ ಒಂದು ವಿಷಯ. ನ್ಯೂಯಾರ್ಕ್ ನಗರದಲ್ಲಿ 1942ರಿಂದ ಪಿನ್‌ಬಾಲ್‌ಗೆ ನಿಷೇಧ ಇತ್ತು. ಜೂಜಂತೆ! ತೆಗೆದದ್ದು ಇದೇ 1976ರಲ್ಲಿ. ರಾಜರ್ ಶಾರ್ಪ್ ಅನ್ನುವವರು ನಗರ ಕೌನ್ಸಿಲ್‌ನವರ ಎದುರು ಆಡಿ, ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳಿ ಹೊಡೆದು ತೋರಿಸಿದರು. ಅದೃಷ್ಟ ಅಲ್ಲ, ಕೈಚಳಕ ಅಂತ. ನಾನು ಆಡುವುದನ್ನು ನೋಡಿದ್ದರೆ ನಿಷೇಧ ಇನ್ನೂ ಇರುತ್ತಿತ್ತು. ಹಾಂ, ಸ್ಪ್ರಿಂಗ್ ಹಾರಿತು... ಸಿಕ್ಕಿತು, ಸಿಕ್ಕಿತು.

ರೀಲು ವಾಪಸ್ ಹಾಕಿದ್ದೇನೆ. ಸ್ಟಾರ್ಟ್. ಆರು, ಏಳು, ಎಂಟು, ಒಂಬತ್ತು, ಸೊನ್ನೆ. ಮೋಟಾರ್ ನಿಂತಿತು!

ಚೆಂಡು ತಾಗಿದರೆ ಬೀಳುವ ಟಾರ್ಗೆಟ್ 15 ಇವೆ, ಮೂರು ಬಣ್ಣ, ಬಣ್ಣಕ್ಕೆ ಐದು. ಹಸಿರೆಲ್ಲ ಮಲಗಿಸಿದೆ! ಟೆನಿಸ್ ಬಗ್ಗೆ ಹೇಳಿದ್ದು ವಾಪಸ್. 'ಗ್ರ್ಯಾಂಡ್ ಸ್ಲಾಮ್' ಯಾರಿಗೆ ಬೇಕು? ಆದರೆ ಚೆಂಡು ಹೊಡೆಯುವ ಬಲಗಡೆ ಫ್ಲಿಪ್ಪರ್ ಸೋಮಾರಿ. ಅಲ್ಲೂ ಎಣ್ಣೆ ಬಿಟ್ಟಿದ್ದಾರಾ? ಮುಂದಿನ ವಿಡಿಯೋದಲ್ಲಿ ಬಿಚ್ಚೋಣ. ಬ್ಯಾಟರಿ ಹೋಗ್ತಾ ಇದೆ, ಬರ್ತೀನಿ!