ತೋಳು ನೋವು ಶುರುವಾದ ದಿನ ಯಾವುದು?

ಎಲ್ಲರಿಗೂ ನಮಸ್ಕಾರ.

ಚಳಿ ಶುರುವಾಗುವ ಹೊತ್ತಿಗೆ ಇಲ್ಲಿ ಅಮೆರಿಕದಲ್ಲಿ ನಾವೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇವೆ. ತೋಳು ಒಂದೆರಡು ದಿನ ನೋಯುತ್ತದೆ, ಆಮೇಲೆ ಹೋಗುತ್ತದೆ. ಕೆಲವೇ ಕೆಲವರಿಗೆ ಮಾತ್ರ ಹೋಗುವುದಿಲ್ಲ. ತಲೆ ಬಾಚಲು ಕೈ ಎತ್ತುವುದಕ್ಕಾಗುವುದಿಲ್ಲ. ಆ ಮಗ್ಗುಲಿಗೆ ಮಲಗುವುದಕ್ಕಾಗುವುದಿಲ್ಲ. ಡಾಕ್ಟರುಗಳು ಇದನ್ನು ಸಿರ್ವಾ (SIRVA) ಅನ್ನುತ್ತಾರೆ, ಅಂದರೆ ಲಸಿಕೆ ಚುಚ್ಚಿದ್ದರಿಂದ ಭುಜಕ್ಕಾದ ತೊಂದರೆ.

ಇಲ್ಲಿ ತೊಂದರೆ ಸಾಮಾನ್ಯವಾಗಿ ಸೂಜಿ ಚುಚ್ಚಿದ ಜಾಗದ್ದು. ತೋಳಿನ ದಪ್ಪ ಸ್ನಾಯುವಿಗೆ ಹೋಗಬೇಕಾದ ಮದ್ದು ಸ್ವಲ್ಪ ಮೇಲೆ, ಕೀಲಿನ ಹತ್ತಿರ ಸೇರಿಬಿಟ್ಟರೆ ಅಲ್ಲಿ ಉರಿಯೂತ ಏಳುತ್ತದೆ. ಅಂಗಿಯ ಕತ್ತು ಜಗ್ಗಿ ಹೆಗಲಷ್ಟೇ ತೋರಿಸಬೇಡಿ. ತೋಳು ಪೂರ್ತಿ ಕಾಣುವಂಥ ಬಟ್ಟೆ ಹಾಕಿಕೊಂಡು ಹೋಗಿ.

ಇನ್ನು ಪರಿಹಾರದ ವಿಷಯ. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡುವ ಸರ್ಕಾರಿ ಯೋಜನೆಯೊಂದು ಇಲ್ಲಿದೆ. 1986ರ ಕಾನೂನಿನಿಂದ ಹುಟ್ಟಿದ ಅದು 1988ರಿಂದ ನಡೆಯುತ್ತಿದೆ. ಫ್ಲೂ ಲಸಿಕೆಯ ಒಂದೊಂದು ಡೋಸಿನ ಮೇಲೂ 75 ಸೆಂಟ್ ತೆರಿಗೆ ಇದೆ. ಪರಿಹಾರ ಕೊಡುವ ನಿಧಿ ಬೆಳೆಯುವುದು ಇಂಥ ತೆರಿಗೆಯಿಂದಲೇ. ಅಂದರೆ ಲಸಿಕೆ ಹಾಕಿಸಿಕೊಂಡವರೆಲ್ಲ ಸೇರಿ, ನೋವು ತಿಂದವರಿಗೆ ಎತ್ತಿಟ್ಟ ದುಡ್ಡು. ಅದನ್ನು ಕೇಳಿದರೆ ಲಸಿಕೆಯ ವಿರೋಧಿ ಆಗುವುದಿಲ್ಲ. ಸಂಕೋಚ ಬೇಡ.

ಚುಚ್ಚಿದ ನರ್ಸಿನ ಮೇಲೆ ಕೇಸು ಹಾಕಬೇಕಿಲ್ಲ, ಯಾರ ತಪ್ಪೆಂದು ತೋರಿಸಬೇಕಾಗಿಯೂ ಇಲ್ಲ. ಅರ್ಜಿ ಹೋಗುವುದು ವಾಷಿಂಗ್ಟನ್‌ನ ಫೆಡರಲ್ ಕ್ಲೇಮ್ಸ್ ಕೋರ್ಟಿಗೆ. ವಿಚಾರಿಸುವವರನ್ನು ಸ್ಪೆಷಲ್ ಮಾಸ್ಟರ್ ಅನ್ನುತ್ತಾರೆ. ಚಿಕಿತ್ಸೆಯ ಖರ್ಚು, ಕೈತಪ್ಪಿದ ಸಂಬಳ ಸಿಗಬಹುದು. ಪಟ್ಟ ನೋವಿಗೆ ಹೆಚ್ಚೆಂದರೆ 2,50,000 ಡಾಲರ್. ವಕೀಲರ ಫೀಸನ್ನೂ ನಿಧಿಯೇ ಕೊಡುತ್ತದೆ. ಆಧಾರ ಇಟ್ಟುಕೊಂಡು ಪ್ರಾಮಾಣಿಕವಾಗಿ ಹಾಕಿದ ಅರ್ಜಿಯಾದರೆ, ಸೋತರೂ ಕೊಡಬಹುದು.

2017ರಲ್ಲಿ ಸಿರ್ವಾ ಈ ಯೋಜನೆ ಒಪ್ಪುವ ತೊಂದರೆಗಳ ಅಧಿಕೃತ ಪಟ್ಟಿಗೆ ಸೇರಿತು. ಪಟ್ಟಿಯ ಪ್ರಕಾರ ನೋವು 48 ಗಂಟೆಯೊಳಗೆ ಶುರುವಾಗಿರಬೇಕು. ಸೂಜಿ ಬಿದ್ದ ಭುಜದಲ್ಲೇ ಇರಬೇಕು. ಮುಂಚೆ ಆ ಭುಜದಲ್ಲಿ ತೊಂದರೆ ಇದ್ದಿರಬಾರದು. ಜೊತೆಗೆ, ಸಾಮಾನ್ಯವಾಗಿ 6 ತಿಂಗಳಿಗೂ ಜಾಸ್ತಿ ಕಾಡಿರಬೇಕು.

ನಮ್ಮವರು ಎಡವುವುದು ಆ 48 ಗಂಟೆಯ ಹತ್ತಿರ. ನೋವು ಅಂದೇ ಶುರುವಾಗಿರುತ್ತದೆ. ಆದರೆ ನಾವು ಹೇಳುವುದಿಲ್ಲ. ಸರಿ ಹೋಗುತ್ತೆ ಬಿಡು ಅಂತ ಎಣ್ಣೆ ತಿಕ್ಕುತ್ತೇವೆ, ಬಿಸಿನೀರು ಹುಯ್ದುಕೊಳ್ಳುತ್ತೇವೆ. ಅಮ್ಮಂದಿರಂತೂ ಮಕ್ಕಳಿಗೂ ಹೇಳದೆ ಒಂದೇ ಕೈಯಲ್ಲಿ ಚಪಾತಿ ಲಟ್ಟಿಸುತ್ತಾರೆ. ನಾಲ್ಕು ತಿಂಗಳಾದ ಮೇಲೆ ಡಾಕ್ಟರ್ ಕೇಳಿದರೆ, "ಸುಮಾರು ದಿನದಿಂದ ನೋಯ್ತಿದೆ" ಅನ್ನುತ್ತೇವೆ. ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಕೋರ್ಟು ಮೊದಲು ನೋಡುವುದು ಆ ಬರಹವನ್ನೇ ಅಲ್ವಾ? ಹಾಗಾಗಿ ಬೇಗ ತೋರಿಸಿ. ಯಾವ ತಾರೀಖು, ಯಾವ ಲಸಿಕೆ, ಯಾವ ತೋಳು, ನೋವು ಯಾವಾಗ ಶುರುವಾಯಿತು, ಇಷ್ಟನ್ನೂ ಬಾಯಿಬಿಟ್ಟು ಹೇಳಿ, ಬರೆಸಿ.

ಊರಿಂದ ಬಂದ ಅಪ್ಪ ಅಮ್ಮನಿಗೂ ಇದು ಅನ್ವಯಿಸುತ್ತದೆ. ಲಸಿಕೆ ಅಮೆರಿಕದಲ್ಲಿ ಹಾಕಿಸಿದ್ದರೆ ಸಾಕು, ಇಲ್ಲಿನ ಪ್ರಜೆಯೇ ಆಗಿರಬೇಕಿಲ್ಲ.

ಗಡುವು, ಮೊದಲ ನೋವು ಕಂಡ ದಿನದಿಂದ 3 ವರ್ಷ. ಕೋವಿಡ್ ಲಸಿಕೆಗಿರುವ ಯೋಜನೆ ಬೇರೆ. ಅದಕ್ಕೆ ಲಸಿಕೆ ಹಾಕಿಸಿದ ದಿನದಿಂದ ಒಂದೇ ವರ್ಷ, ಪಟ್ಟ ನೋವಿಗೆ ದುಡ್ಡಿಲ್ಲ, ವಕೀಲರ ಫೀಸೂ ಇಲ್ಲ. ಈ ವ್ಯತ್ಯಾಸ ನನಗಂತೂ ನ್ಯಾಯ ಅನ್ನಿಸುವುದಿಲ್ಲ. ಭುಜ ಒಂದೇ, ಸೂಜಿಯೂ ಒಂದೇ.

ಯಾರಿಗಾದರೂ ಈಗಲೂ ತೋಳು ನೋಯುತ್ತಿದ್ದರೆ, ಊಟಕ್ಕೆ ಹೋಗುವ ಮುಂಚೆ ನನ್ನ ಹತ್ತಿರ ಬನ್ನಿ. ಮೊದಲು ನಿಮ್ಮ ತಾರೀಖು ನೋಡೋಣ.