ಮೀನಿನ ಪಂಜರದ ಕೆಳಗಿನ ಕಡಲತಳ

ಶ್ರೋತೃಗಳಿಗೆ ನಮಸ್ಕಾರ.

ಕಡಲಿನಲ್ಲಿ ಬಲೆಯ ಪಂಜರಗಳನ್ನು ಲಂಗರು ಹಾಕಿ ನಿಲ್ಲಿಸಿ ಮೀನು ಸಾಕುವ ಕೃಷಿಯು ಸುತ್ತಲಿನ ಸಮುದ್ರದ ಮೇಲೆ ಮಾಡುವ ಪರಿಣಾಮವನ್ನು ಅಳೆಯುವುದು ಹೇಗೆ ಎಂಬುದು ಇಂದಿನ ವಿಷಯ. ಇದಕ್ಕೆ ನಾರ್ವೆ ದೇಶವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅಲ್ಲಿನ ಫ್ಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಆಳವಾದ ಕಡಲತೋಳುಗಳಲ್ಲಿ, ಮತ್ತು ಕರಾವಳಿಯುದ್ದಕ್ಕೂ ವರ್ಷಕ್ಕೆ ಸುಮಾರು 15 ಲಕ್ಷ ಟನ್ ಸಾಲ್ಮನ್ ಎಂಬ ಮೀನನ್ನು ಬೆಳೆಯುತ್ತಾರೆ.

ಪಂಜರಕ್ಕೆ ಗೋಡೆಯಿಲ್ಲ. ತಿನ್ನದೆ ಉಳಿದ ಆಹಾರವೂ ಮೀನಿನ ಮಲವೂ ಬಲೆಯಿಂದ ಜಾರಿ ತಳಕ್ಕೆ ಇಳಿಯುತ್ತವೆ. ಅವು ಮಿತಿಯಲ್ಲಿದ್ದಾಗ ತಳದ ಹುಳುಗಳಿಗೂ ಚಿಪ್ಪುಜೀವಿಗಳಿಗೂ ಆಹಾರವಾಗುತ್ತವೆ. ಮಿತಿ ಮೀರಿದಾಗ ಅವುಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಕೆಸರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಬಳಿಕ ಆಮ್ಲಜನಕವಿಲ್ಲದೆ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹೊರಬಿಡತೊಡಗುತ್ತವೆ. ಆಗ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಹಲವು ಬಗೆಯ ಜೀವಿಗಳಿದ್ದ ಜಾಗದಲ್ಲಿ ಕ್ಯಾಪಿಟೆಲ್ಲಾ ಎಂಬ ಸಣ್ಣ ಹುಳುವೊಂದೇ ರಾಶಿರಾಶಿಯಾಗಿ ಹೆಚ್ಚುತ್ತದೆ. ಮೇಲಿನ ನೀರನ್ನು ಮಾತ್ರ ಪರೀಕ್ಷಿಸಿದರೆ ಇದು ತಿಳಿಯದೆ ಹೋಗಬಹುದು, ಏಕೆಂದರೆ ಆ ನೀರನ್ನು ಪ್ರವಾಹ ಒಯ್ದಿರುತ್ತದೆ.

ಆದ್ದರಿಂದ ನಾರ್ವೆಯವರು ತಳದ ಕೆಸರನ್ನೇ ಪರೀಕ್ಷಿಸುತ್ತಾರೆ. ಎನ್ಎಸ್ 9410 ಎಂಬ ಅವರ ಮಾನಕದ ಪ್ರಕಾರ, ಪಂಜರದ ಮೀನುಗಳ ಒಟ್ಟು ತೂಕ ಗರಿಷ್ಠ ಮಟ್ಟದಲ್ಲಿರುವಾಗ ದೋಣಿಯಿಂದ ಬಾಚುಯಂತ್ರವನ್ನು ಇಳಿಸಿ ಪಂಜರದ ಅಡಿಯ ಕೆಸರನ್ನು ಮೇಲೆತ್ತುತ್ತಾರೆ. ಅದರಲ್ಲಿ ಜೀವಿಗಳಿವೆಯೇ ಎಂದು ನೋಡುತ್ತಾರೆ. ಪಿಎಚ್, ಅಂದರೆ ಆಮ್ಲೀಯತೆಯ ಮಟ್ಟವನ್ನೂ, ಕೆಸರಿನಲ್ಲಿ ಆಮ್ಲಜನಕ ಮುಗಿದಿದೆಯೇ ಎಂಬುದರ ಸುಳಿವು ಕೊಡುವ ರೆಡಾಕ್ಸ್ ಮಟ್ಟವನ್ನೂ ಅಳೆಯುತ್ತಾರೆ. ಅನಿಲದ ಗುಳ್ಳೆ, ಬಣ್ಣ, ವಾಸನೆ, ಮೆತುತನ, ಹೂಳಿನ ದಪ್ಪ ಇವುಗಳಿಗೆ ಅಂಕ ಕೊಡುತ್ತಾರೆ. ಮೂಗೂ ಇಲ್ಲಿ ಅಳತೆಯ ಸಾಧನವೇ. ಪಂಜರದಿಂದ ದೂರದ ತಳದಲ್ಲಿರುವ ಜೀವಿಗಳನ್ನು ಪ್ರಯೋಗಾಲಯದಲ್ಲಿ ಜಾತಿವಾರು ಗುರುತಿಸಿ ಎಣಿಸುವ ಇನ್ನೊಂದು ಸಮೀಕ್ಷೆಯೂ ಇದೆ. ಅದು ತಜ್ಞರ ಕೆಲಸ, ನಿಧಾನದ್ದು.

ನನಗೆ ಬಹಳ ಮುಖ್ಯವೆನಿಸುವುದು ಅಂಕ ಬಂದ ಮೇಲಿನ ಕ್ರಮ. ಸ್ಥಳಕ್ಕೆ 1ರಿಂದ 4ರವರೆಗೆ ದರ್ಜೆ ನೀಡಲಾಗುತ್ತದೆ. ತಳ ಚೆನ್ನಾಗಿದ್ದರೆ ಮುಂದಿನ ಪರೀಕ್ಷೆ ತಡವಾಗಿ ನಡೆಯಬಹುದು, ಕೆಟ್ಟಷ್ಟೂ ಬೇಗ ನಡೆಯಬೇಕು, ನಾಲ್ಕನೆಯ ದರ್ಜೆಯನ್ನು ಒಪ್ಪುವಂತಿಲ್ಲ. ಇದಲ್ಲದೆ ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಎರಡು ತಿಂಗಳು ಸ್ಥಳವನ್ನು ಬೀಳುಬಿಡಬೇಕು. ಫಲಿತಾಂಶ ಕಡತದಲ್ಲೇ ಉಳಿದು ಯಾರ ನಿರ್ಧಾರವನ್ನೂ ಬದಲಿಸದಿದ್ದರೆ ಅಂಥ ಅಳತೆಯಿಂದ ಕಡಲಿಗೆ ಏನೂ ಸಿಗುವುದಿಲ್ಲ.

ಹಾಗೆಂದು ತಳವೊಂದನ್ನೇ ನೋಡಿದರೂ ಸಾಲದು. ಸಾಲ್ಮನ್ ಮೈಗೆ ಅಂಟಿಕೊಳ್ಳುವ ಕಡಲ ಹೇನಿನ ಮರಿಗಳು ಪ್ರವಾಹದಲ್ಲಿ ಬಹುದೂರ ತೇಲಿ, ನದಿಯಿಂದ ಕಡಲಿಗೆ ಇಳಿಯುವ ಕಾಡು ಸಾಲ್ಮನ್ ಮರಿಗಳನ್ನು ಕೊಲ್ಲಬಲ್ಲವು. ಅದಕ್ಕಾಗಿ ಹೇನುಗಳನ್ನು ವಾರವಾರವೂ ಎಣಿಸುತ್ತಾರೆ. ಮೀನಿಗೆ ಸರಾಸರಿ 0.5 ಬಲಿತ ಹೆಣ್ಣುಹೇನು ಎಂಬುದು ಸಾಮಾನ್ಯ ಮಿತಿ, ವಸಂತದಲ್ಲಿ ಇನ್ನೂ ಕಡಿಮೆ. ಆ ಎಣಿಕೆ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. 2017ರಿಂದ ಕರಾವಳಿಯನ್ನು 13 ವಲಯಗಳಾಗಿ ವಿಂಗಡಿಸಿ, ಹೇನಿನ ಹಾವಳಿಗೆ ತಕ್ಕಂತೆ ಹಸಿರು, ಹಳದಿ, ಕೆಂಪು ಗುರುತು ಕೊಟ್ಟು ಉತ್ಪಾದನೆಯನ್ನು ಏರಿಸುತ್ತಾರೆ, ಇದ್ದಷ್ಟಕ್ಕೇ ನಿಲ್ಲಿಸುತ್ತಾರೆ ಅಥವಾ ಇಳಿಸುತ್ತಾರೆ.

ನಮ್ಮ ದೇಶದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 2007ರಲ್ಲಿ ವಿಶಾಖಪಟ್ಟಣದಲ್ಲಿ ಮೊದಲ ತೆರೆದ ಕಡಲಿನ ಪಂಜರವನ್ನು ಇಳಿಸಿತು. ಕಾರವಾರದಲ್ಲಿಯೂ ಅದು ಪಂಜರ ಕೃಷಿಯನ್ನು ಬೆಳೆಸಿದೆ. ನಮ್ಮ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಕೊಳೆಯುವಿಕೆ ವೇಗವಾಗಿರುತ್ತದೆ, ಮಳೆಗಾಲದಲ್ಲಿ ಹೊಳೆಗಳು ಮಣ್ಣನ್ನೂ ಸಿಹಿನೀರನ್ನೂ ತಂದು ಸುರಿಯುತ್ತವೆ. ಆದ್ದರಿಂದ ನಾರ್ವೆಯ ಅಂಕಗಳನ್ನು ಹಾಗೆಯೇ ಇಲ್ಲಿ ಬಳಸಲಾಗದು, ಆದರೆ ವಿಧಾನವನ್ನು ಬಳಸಬಹುದು. ತರಬೇತಿ ಕೊಟ್ಟರೆ ಕೆಸರು ಎತ್ತಿ ನೋಡುವ ಕೆಲಸವನ್ನು ಮೀನುಗಾರರ ಸಂಘಗಳೇ ಮಾಡಬಲ್ಲವು. ಪಂಜರದ ಮೀನನ್ನು ಮಳೆಗಾಲಕ್ಕೆ ಮುನ್ನ ಹಿಡಿಯುವ ಕಡೆಗಳಲ್ಲಿ, ಹಿಡಿಯುವ ಮೊದಲಿನ ವಾರಗಳೇ ಅದಕ್ಕೆ ತಕ್ಕ ಕಾಲ, ಏಕೆಂದರೆ ಮೀನಿನ ತೂಕ ಆಗಲೇ ಗರಿಷ್ಠವಾಗಿರುತ್ತದೆ. ಆದರೆ ಎಲ್ಲಕ್ಕೂ ಮೊದಲು, ಪಂಜರ ಇಳಿಸುವ ಮುನ್ನವೇ ಆ ಜಾಗದ ಕೆಸರನ್ನೂ, ಅಷ್ಟೇ ಆಳದ ದೂರದ ಇನ್ನೊಂದು ಜಾಗದ ಕೆಸರನ್ನೂ ಪರೀಕ್ಷಿಸಿ ದಾಖಲಿಸಿಡಬೇಕು. ಅದಿಲ್ಲದಿದ್ದರೆ ಮುಂದೆ ಕಾಣುವ ಕಪ್ಪು ಕೆಸರು ಪಂಜರದಿಂದ ಬಂದದ್ದೋ ಹೊಳೆಯಿಂದ ಬಂದದ್ದೋ ಎಂದು ಹೇಳಲು ಯಾರಿಗೂ ಸಾಧ್ಯವಾಗದು.